ಖಣದ ಅಂಚಿನ ಚಾಪೆ

ದ್ಯಾಮವ್ವ ಹುಬ್ಬಳ್ಳಿಯ ಎಪಿಎಂಸಿಯಲ್ಲಿ ಮೂವತ್ತು ವರ್ಷ ಚೀಲ ಹೊಲಿದವರು. ಮೆಲ್ಬರ್ನ್‌ನ ವೆರಿಬೀಗೆ, ಮಗಳು ವಿಜಯಾಳ ಮನೆಗೆ ಬರುವಾಗಲೂ ದಬ್ಬಣವನ್ನು ಸೂಟ್‌ಕೇಸಿನ ತಳದಲ್ಲಿಟ್ಟು ತಂದಿದ್ದರು. "ಇಲ್ಲಿ ಯಾರ ಚೀಲ ಹೊಲೀತಿಬೇ?" ಎಂದು ಮಗಳು ನಕ್ಕಿದ್ದಳು. ಪಕ್ಕದ ಮನೆಯವನಾದ ನಾನೂ ನಕ್ಕಿದ್ದೆ. ಸುಳ್ಳು ಯಾಕೆ ಹೇಳಲಿ?

ಅವರದು ಬಾಡಿಗೆ ಮನೆ. ಅದರೊಳಗೊಂದು ಜಪಾನಿ ಕೋಣೆ. ನೆಲದ ತುಂಬ ಆರು ದಪ್ಪ ಚಾಪೆ, ತಾತಾಮಿ ಅಂತ ಹೆಸರು. ಒಳಗೆ ಭತ್ತದ ಹುಲ್ಲು, ಮೇಲೆ ಜೊಂಡಿನ ಹೆಣಿಗೆ, ಉದ್ದಕ್ಕೆ ಕಪ್ಪು ಬಟ್ಟೆಯ ಅಂಚು. ಮನೆಯೊಡತಿ ಕಜುಕೊ ಅವರ ಗಂಡ ಕೈಯಾರೆ ಹೊಲಿದವು. ಗಂಡ ತೀರಿಕೊಂಡ ಮೇಲೆ ಮನೆ ಬಾಡಿಗೆಗೆ ಕೊಟ್ಟ ಕಜುಕೊ, ಕೀಲಿಕೈ ಕೊಡುವಾಗ ಎರಡೇ ಮಾತು ಹೇಳಿದ್ದರು: ನೀರು ತಾಗಿಸಬೇಡಿ, ಅಂಚು ತುಳಿಯಬೇಡಿ.

"ಚಾಪಿಗೂ ಇಷ್ಟ ಮಡಿ ಏನ?" ಎಂದು ದ್ಯಾಮವ್ವ ನಕ್ಕುಬಿಟ್ಟಿದ್ದರು.

ಶ್ರಾವಣದ ಮೊದಲ ಶುಕ್ರವಾರ, ಮಗಳು ಆಫೀಸಿಗೆ ಹೋದ ಮೇಲೆ, ಲಕ್ಷ್ಮಿ ಬರುವ ಮನೆ ಚೊಕ್ಕಟವಾಗಿರಲೆಂದು ಅರಿಶಿನದ ನೀರಿನಲ್ಲಿ ಬಟ್ಟೆ ಹಿಂಡಿ ಆರೂ ಚಾಪೆ ಒರೆಸಿದರು. ಒಣಗಿದ ಮೇಲೆ ನೋಡಿದರೆ ಹಳದಿ ಪಟ್ಟೆ ಪಟ್ಟೆ. ಏನು ಮಾಡಿದರೂ ಹೋಗಲಿಲ್ಲ.

"ಯವ್ವಾ, ಏನ ಮಾಡಿಟ್ಟಿ! ಮುಂದಿನ ವಾರ ಇನ್‌ಸ್ಪೆಕ್ಷನ್ ಐತಿ, ಮನೀ ನೋಡಾಕ ಕಜುಕೊ ಬರ್ತಾರ. ಮನೀ ಬಿಡ್ರಿ ಅಂದ್ರ ಎಲ್ಲಿಗೆ ಹೋಗೂಣು?" ಎಂದು ವಿಜಯಾ ಅತ್ತೇಬಿಟ್ಟಳು. ಮೇಲೊಂದು ಕಾರ್ಪೆಟ್ ಹಾಸಿ ಮುಚ್ಚಿಬಿಡಿ ಎಂದ ಜಾಣ ನಾನೇ.

"ಮುಚ್ಚೂದ ಬ್ಯಾಡ," ಎಂದ ದ್ಯಾಮವ್ವ ಒಂದು ಚಾಪೆ ಎಬ್ಬಿಸಿ ಅದರ ಬೆನ್ನು ನೋಡಿದರು. ದಪ್ಪ ದಾರದ ಉದ್ದುದ್ದ ಹೊಲಿಗೆ. ಅವರ ಮುಖ ಅರಳಿತು. "ಇದು ನನ್ನ ಕೆಲಸನ ಐತಲ್ಲೋ!"

ಅಂಚು ಬಿಚ್ಚಿ ಜೊಂಡಿನ ಹೊದಿಕೆ ಎತ್ತಿದರೆ, ಬಿಸಿಲು ಕಾಣದ ಅದರ ಒಳಮೈ ಇನ್ನೂ ಹಸಿರಾಗಿತ್ತು. ಮಗುಚಿ ಹೊಲಿದರಾಯಿತು! ಆರು ದಿನ, ಮೊಣಕೈ ಊರಿ ದಾರ ಜಗ್ಗಿ ಜಗ್ಗಿ ಬಿಗಿದರು. ಹಳೆಯ ಕಪ್ಪು ಅಂಚು ಬಿಚ್ಚುವಾಗಲೇ ಹರಿದುಹೋಗಿತ್ತು. ಮಗಳ ಕುಬಸಕ್ಕೆಂದು ತಂದಿದ್ದ ಗುಳೇದಗುಡ್ಡದ ಕೆಂಪು ಖಣಗಳನ್ನೆಲ್ಲ ಸೀಳಿ ಅಂಚು ಕಟ್ಟಿದರು.

ಇನ್‌ಸ್ಪೆಕ್ಷನ್ ದಿನ ನಾನೂ ಅಲ್ಲೇ ಇದ್ದೆ. ಕಜುಕೊ ಬಾಗಿಲಲ್ಲೇ ನಿಂತುಬಿಟ್ಟರು. ಯಾರೂ ಬಾಯಿ ತೆರೆಯುವ ಮೊದಲೇ ದ್ಯಾಮವ್ವ, "ನಾನ ಕೆಡಿಸೀನಿ, ನಾನ ಹೊಲದೀನಿ ಅಂತ ಹೇಳ ಅವರಿಗೆ," ಎಂದರು. ವಿಜಯಾ ಇಂಗ್ಲಿಷಿನಲ್ಲಿ ಹೇಳಿದಳು. ಕಜುಕೊ ಮಂಡಿಯೂರಿ ಹೊಲಿಗೆಯ ಮೇಲೆ ಬೆರಳಾಡಿಸಿದರು, ಬಗ್ಗಿ ಹುಲ್ಲಿನ ವಾಸನೆ ನೋಡಿದರು. ಆಮೇಲೆ ಎದ್ದು ಕೋಣೆಯ ಆ ತುದಿಗೆ ನಡೆದರು. ಒಂದೇ ಒಂದು ಖಣದ ಅಂಚನ್ನೂ ತುಳಿಯಲಿಲ್ಲ, ಎಲ್ಲವನ್ನೂ ಕಾಲೆತ್ತಿ ದಾಟಿದರು.

"ಗಂಡ ಹೋದ ಮೇಲೆ ಇದನ್ನು ಮಗುಚುವವರೇ ಸಿಕ್ಕಿರಲಿಲ್ಲ," ಎಂದು ಕಣ್ಣೊರೆಸಿಕೊಂಡರು. "ಸಿಡ್ನಿಯಲ್ಲಿ ಮಗಳ ಮನೆಯಲ್ಲಿ ಇನ್ನೂ ಎಂಟಿವೆ. ಅವಕ್ಕೂ ಇದೇ ಕೆಂಪು ಅಂಚು ಬೇಕು."

ನನಗೆ ಕುಣಿದುಬಿಡುವಷ್ಟು ಖುಷಿಯಾಯಿತು.

ಹೋದ ತಿಂಗಳು ದ್ಯಾಮವ್ವ ಊರಿಂದ ಮತ್ತೆ ಕೆಂಪು ಖಣ ತರಿಸಿಕೊಂಡು, ದಬ್ಬಣ ಸಮೇತ ಸಿಡ್ನಿಯ ಕ್ವೇಕರ್ಸ್ ಹಿಲ್‌ಗೆ ಹೋಗಿ ಎಂಟನ್ನೂ ಮುಗಿಸಿ ಬಂದರು. ದಾರ ಪೋಣಿಸಿಕೊಟ್ಟವರು ಕಜುಕೊ. ಮೊನ್ನೆ ನಾನು ವೆರಿಬೀಯ ಆ ಕೋಣೆಗೆ ಕಾಲಿಟ್ಟೆನೋ ಇಲ್ಲವೋ, ಒಳಗಿಂದ ಗದರಿಕೆ ಬಂತು:

"ಏ ತಮ್ಮಾ, ಅಂಚ ತುಳೀಬ್ಯಾಡೋ! ಕಣ್ಣ ಕಾಣಸೂದಿಲ್ಲೇನ?"