ದ್ರಾಕ್ಷಿ ತೋಟದಲ್ಲಿ ತೂಗಿದ ಆರತಿ

ಟಕ್, ಟಟಕ್. ಗಾಳಿ ಬೀಸಿದಾಗಲೆಲ್ಲ ದ್ರಾಕ್ಷಿ ಚಪ್ಪರದ ತಂತಿಗೆ ತೂಗುಬಿಟ್ಟ ಸಿಡಿಗಳು ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು. ಹಕ್ಕಿಗಳು ಹೆದರಲೆಂದು ಕಟ್ಟಿದ್ದವು ಅವು. ಸುಹಾಸ ಕತ್ತೆತ್ತಿಕೊಂಡು ಒಂದೊಂದನ್ನೂ ತಿರುವಿ ನೋಡುತ್ತ ನಡೆದಿದ್ದ.

"ಏನ್ ಹುಡುಕಾಕತ್ತಿಯೋ? ಗಿಳಿ ಆಗಿಯೇನು?" ತೋಟದ ಬಾಬಾಸಾಹೇಬ ನಕ್ಕ. "ನೀನ ಚೀಲ ತುಂಬಿ ಕೊಟ್ಟಿ. ಈಗ ವಾಪಸ್ ಕೇಳಾಕ ಬಂದಿ?"

"ಒಂದ ಸಾಕ್ರಿ ಮಾಮಾ."

ಉಗಾರ ಖುರ್ದದಲ್ಲಿ ಸುಹಾಸನದು ಝೆರಾಕ್ಸ್ ಅಂಗಡಿ. ಓರಣವೆಂದರೆ ಅವನಿಗೆ ಪ್ರಾಣ. ಗಿರಾಕಿ ಬಿಟ್ಟುಹೋದ ಪೆನ್ನಿನ ಮುಚ್ಚಳಕ್ಕೂ ಅವನಲ್ಲಿ ಒಂದು ಡಬ್ಬಿಯಿತ್ತು. ಬಸದಿಯ ಸ್ಪೀಕರಿನ ಹೊಣೆಯೂ ಅವನದೇ. ಅಲ್ಲಿನ ಕಪಾಟಿನಲ್ಲಿ ಮಹಿಳಾ ಮಂಡಳದವರ ಹಾಡಿನ ಸಿಡಿಗಳು ದೂಳು ಹಿಡಿದು ಬಿದ್ದಿದ್ದವು. ಹೋದ ಬೇಸಿಗೆಯಲ್ಲಿ ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡ. ಟ್ರ್ಯಾಕ್ ಒಂದು, ಟ್ರ್ಯಾಕ್ ಎರಡು ಎಂದಷ್ಟೇ ಇದ್ದ ಫೈಲುಗಳಿಗೆ, ಮೊದಲ ಸಾಲು ಕೇಳಿ ಹಾಡಿನ ಹೆಸರಿಟ್ಟ. ಸಾಲು ಮುಗಿಯುವ ಮೊದಲೇ ಮುಂದಿನ ಹಾಡಿಗೆ ಹಾರುತ್ತಿದ್ದ. 'ಶಾಂತಿನಾಥನ ಆರತಿ' ಎರಡನೇ ಸಲ ಬಂದಾಗ ಕಂಪ್ಯೂಟರ್ ಕೇಳಿತು: ಈ ಹೆಸರಿನದು ಆಗಲೇ ಇದೆ, ಅದನ್ನು ಅಳಿಸಿ ಇದನ್ನು ಇಡಲೇ? ಒಂದೇ ಹಾಡು ಎರಡು ಸಲ ಬಂದಿರಬೇಕೆಂದು ಅವನು ಹೂಂ ಎಂದು ಒತ್ತಿದ. ಆಮೇಲೆ ಸಿಡಿಗಳು ಬಾಬಾಸಾಹೇಬನ ತೋಟಕ್ಕೆ ಹೋದವು. ಸಮಾಜದವರು ಸುಹಾಸನಿಗೆ ಶಾಲು ಹೊದಿಸಿದರು.

ಉಳಿದದ್ದು ಮಂಡಳದ ಸೋನಾಬಾಯಿ ಹಾಡಿದ ಆರತಿ. ಅಳಿದದ್ದು ಅದೇ ಮಂಡಳದ ಕುಸುಮಕಾಕು ಹಾಡಿದ್ದು. ಕಾಕು ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ವರ್ಷದ ಪೂಜೆಗೆ ಆಕೆಯ ಆರತಿ ಹಾಡನ್ನು ಸ್ಪೀಕರಿನಲ್ಲಿ ಹಚ್ಚಬೇಕೆಂದು ಗಂಡ ಧರಣೇಂದ್ರ ಕೇಳಿದಾಗ, "ಸಿಡಿನ ಕೆಟ್ಟಿತ್ರಿ ಕಾಕಾ" ಎಂದುಬಿಟ್ಟಿದ್ದ ಸುಹಾಸ. ಅವರು ಹೋಗಲಿ ಬಿಡು ಎಂದು ಅವನ ಬೆನ್ನು ತಟ್ಟಿದ್ದರು. ಅಂದಿನಿಂದ ಬಸದಿಯಲ್ಲಿ ಅವರು ಕಂಡರೆ ಅವನು ಕಂಬದ ಮರೆಗೆ ಸರಿಯುತ್ತಿದ್ದ.

ಚಪ್ಪರದ ಕೊನೆಯ ಸಾಲಿನಲ್ಲಿ ಕಾಕುವಿನ ಸಿಡಿ ಸಿಕ್ಕಿತು. ಮೇಲೆ ಮಾರ್ಕರಿನಲ್ಲಿ ಬರೆದ 'ಕುಸುಮ' ಮಸುಕಾಗಿತ್ತು. ತಿರುವಿದರೆ ಹಿಂಬದಿಯ ನೀಲಿಯೆಲ್ಲ ಬಿಸಿಲಿಗೆ ಹಾರಿ, ಅಲ್ಲಲ್ಲಿ ಹೊಪ್ಪಳಿಕೆ ಎದ್ದು, ಆಚೆಯ ಬೆಳಕು ಕಾಣುತ್ತಿತ್ತು.

"ಅಂಗಡ್ಯಾಗ ಕೇಳಿದೆ. ತ್ವಾಟಕ್ಕ ಹೋಗ್ಯಾನ ಅಂದ್ರು." ಬದುವಿನ ಮೇಲೆ ಧರಣೇಂದ್ರ ನಿಂತಿದ್ದರು. ಪೂಜೆಯ ದಿನದ ಮೈಕಿನ ಬಗ್ಗೆ ಮಾತಾಡಲು ಬಂದವರು ಅವನ ಕೈಯಲ್ಲಿದ್ದುದನ್ನು ನೋಡಿದರು. "ಅದೇನೋ?"

"ಕಾಕುಂದ್ರಿ."

"ಕೆಟ್ಟಿತ್ತು ಅಂದಿದ್ದೆಲಾ?"

"ಕೆಟ್ಟಿರ್ಲಿಲ್ರಿ ಕಾಕಾ. ಎರಡೂ ಒಂದ ಅಂತ ತಿಳಿದು ನಾನ ಅಳಿಸಿದೆ. ಸುಳ್ಳ ಹೇಳಿದೆ."

ಬಾಬಾಸಾಹೇಬ ಬೀಡಿ ಆರಿಸಿ ಆಚೆ ಸರಿದ. ಧರಣೇಂದ್ರ ಸಿಡಿ ಇಸಿದುಕೊಂಡು ಧೋತರದ ಚುಂಗಿನಿಂದ ಒರೆಸಿದರು.

"ಹಚ್ಚಿದ್ರ ಬರೂದಿಲ್ಲ?"

"ಬಿಸಿಲು ತಿಂದೈತ್ರಿ."

ಅವರು ಬೈಯಲಿಲ್ಲ. ಬೈದಿದ್ದರೆ ಸುಹಾಸ ಕೊನೆಯವರೆಗೂ ಅಲ್ಲೇ ನಿಂತಿರುತ್ತಿದ್ದನೇನೋ.

"ಹಾಡು ಒಂದ, ಖರೆ. ಆದ್ರ ಆಕಿಗೆ ದಮ್ಮಿನ ಬ್ಯಾನಿ ಇತ್ತು ನೋಡು, ಎರಡನೇ ಸಾಲಿನ್ಯಾಗ ನಡುವ ಒಮ್ಮೆ ಉಸುರು ಎಳಕೋತಿದ್ಲು." ಅವರು ಹತ್ತಿರ ಬಂದರು. ಮುಖದಲ್ಲಿ ಸಿಟ್ಟಿರಲಿಲ್ಲ, ಆಸೆಯಿತ್ತು. "ಆ ಹಾಡ ಕಡೀಕ ಕೇಳಿದಾವ ನೀನ ಅಲಾ? ಹೇಳಪಾ, ಆ ಉಸುರು ಇದರಾಗ ಬಂದಿತ್ತೇನು? ಕೇಳ್ಸಿತ್ತೇನು?"

ಸುಹಾಸ ಎರಡನೇ ಸಾಲಿನವರೆಗೆ ಹೋಗಿರಲೇ ಇಲ್ಲ.

"ನೆನಪ ಮಾಡ್ಕೊ. ಆಕಿ ಹಿಂಗ ಎತ್ತತಿದ್ಲು..." ಎಂದು ಧರಣೇಂದ್ರ ಗಂಟಲು ಸರಿಮಾಡಿಕೊಳ್ಳುತ್ತಿದ್ದಂತೆಯೇ ಸುಹಾಸ ತಂತಿಗಳ ಕೆಳಗೆ ತಲೆ ತಗ್ಗಿಸಿ, ಹಿಂತಿರುಗದೆ, ರಸ್ತೆಯ ಕಡೆ ನಡೆದುಬಿಟ್ಟ.