ಎಣ್ಣೆ ಕುಡಿದ ಹತ್ತಿ

ನಾನು ಶಿರೋಳದ ಬಡಿಗೇರ ಮನೆಗೆ ಸೊಸೆಯಾಗಿ ಬಂದ ಮರುವರ್ಷ ನಮ್ಮ ಎದುರು ಮನೆಗೆ ಬೆಂಕಿ ಬಿತ್ತು. ಆಗ ನಮ್ಮ ಕಡೆ ಇನ್ನೂ ಮುಂಬಯಿ ಸರ್ಕಾರವಿತ್ತು. ಬೆಂಕಿ ನನ್ನ ಕೈಯಿಂದಲೇ ಬಿದ್ದದ್ದು ಎಂದು ಊರಿಗೆ ಊರೇ ಹೇಳಿತು. ಈಗ ಮೊಮ್ಮಕ್ಕಳು ಆ ಮಾತು ತೆಗೆದು ನನ್ನನ್ನು ಕೆಣಕುತ್ತಾರೆ. ನಾನು ನಗುವುದಿಲ್ಲ. ಇಷ್ಟು ವರ್ಷವಾದರೂ ಸಿಟ್ಟು ಬರುತ್ತದೆ. ಬಂದರೆ ಬರಲಿ, ಅದೇನು ನನ್ನ ಹತ್ತಿರ ಊಟ ಕೇಳುವುದಿಲ್ಲ.

ನಮ್ಮ ಓಣಿಯಲ್ಲಿ ಕಡ್ಡಿಪೆಟ್ಟಿಗೆ ಇರಲಿಲ್ಲವೆಂದಲ್ಲ. ಇದ್ದದ್ದನ್ನು ಅತ್ತೆ ಗೋಡೆಯಲ್ಲಿನ ದೇವರ ಮಾಡದಲ್ಲಿ ಬಚ್ಚಿಟ್ಟಿರುತ್ತಿದ್ದಳು. ಒಲೆ ಆರಿದರೆ ಸಗಣಿಯ ಕುಳ್ಳಿನ ಚೂರೊಂದನ್ನು ಹಿಡಿದು ಯಾರ ಮನೆಯಲ್ಲಿ ಹೊಗೆ ಏಳುತ್ತಿದೆಯೋ ಅಲ್ಲಿಗೆ ಹೋಗಬೇಕು, ಅದರ ಮೇಲೆ ಎರಡು ಕೆಂಡ ಇಟ್ಟುಕೊಂಡು ಗಾಳಿಗೆ ಅಂಗೈ ಅಡ್ಡ ಹಿಡಿದು ಬರಬೇಕು. ಎಲ್ಲ ಹೆಂಗಸರೂ ಮಾಡುತ್ತಿದ್ದದ್ದು ಅದನ್ನೇ. ಆ ಮಧ್ಯಾಹ್ನ ನಾನೂ ಹಾಗೇ ಎದುರು ಮನೆಗೆ ಹೋಗಿ ಕೆಂಡ ತಂದೆ. ಅವರ ಅಡುಗೆ ಮನೆಯಿಂದ ಹೊರಗೆ ಬರಬೇಕಾದರೆ ಪಡಸಾಲೆ ದಾಟಬೇಕು. ಪಡಸಾಲೆಯಲ್ಲಿ ರೋಣದ ಪೇಟೆಗೆ ಹೋಗಲಿದ್ದ ಹತ್ತಿಯನ್ನು ಜಂತಿ ಮುಟ್ಟುವಂತೆ ಒಟ್ಟಿದ್ದರು. ನಾನು ರಾಶಿಯ ಈಚೆ ಮಗ್ಗುಲಿನಿಂದ, ಎದುರು ಗೋಡೆಗೆ ಮೈ ಸವರಿಕೊಂಡು ಬಂದೆ. ಹತ್ತಿಯ ಹತ್ತಿರ ಕೆಂಡ ಹಿಡಿದು ಹೇಗೆ ನಡೆಯಬೇಕೆಂದು ಈ ಸೀಮೆಯ ಹೆಣ್ಣಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ದೀಪ ಹಚ್ಚುವ ಹೊತ್ತಿಗೆ ಎದುರು ಮನೆಯ ಬಾಗಿಲಿನಿಂದ ಹೊಗೆ ಬಂತು. ಮೊದಲು ತೆಳ್ಳಗೆ ಬಂತು, ಆಮೇಲೆ ಒಮ್ಮೆಲೇ ಪಡಸಾಲೆ ತುಂಬ ಕೆಂಪಾಯಿತು. ಗಂಡಸರು ಕೊಡಗಟ್ಟಲೆ ನೀರು ಹೊಯ್ದರು, ಕುಂಟೆ ಕೊಡಲಿ ಕೈಗೆ ಸಿಕ್ಕದ್ದರಿಂದ ಹತ್ತಿಯನ್ನು ಓಣಿಗೆ ಎಳೆದು ಹಾಕಿದರು. ಮನುಷ್ಯರಿಗೆ ಏನೂ ಆಗಲಿಲ್ಲ. ಅರ್ಧ ಹತ್ತಿ, ಎರಡು ಜಂತಿ ಮತ್ತು ಒಳಕೋಣೆಗೆ ಆಗತಾನೇ ಕೂಡಿಸಿದ ಹೊಸ ಬಾಗಿಲು ಸುಟ್ಟು ಹೋದವು. ಆ ಬಾಗಿಲು ಮಾಡಿದವರು ನಮ್ಮ ಮಾವ.

ಬೂದಿಯ ಬಿಸಿ ಆರುವ ಮೊದಲೇ ಎದುರು ಮನೆಯ ಯಜಮಾನಿ ನನ್ನ ಕಡೆ ಕೈ ತೋರಿಸಿದಳು. ಇವತ್ತು ತನ್ನ ಮನೆಯಿಂದ ಕೆಂಡ ಒಯ್ದವಳು ಇವಳೊಬ್ಬಳೇ ಎಂದಳು. ಅದು ಖರೆಯೇ ಆಗಿತ್ತು. ನಾನು ಮಾವನ ಮುಖ ನೋಡಿದೆ. ಅವರು ಏನಾದರೂ ಹೇಳುತ್ತಾರೆ ಎಂದು ಕಾದೆ. ಹೇಳಿದರು. ಯಾರೂ ಕೇಳುವ ಮೊದಲೇ ಹೇಳಿದರು.

"ಹುಡುಗಿ ತಪ್ಪ ಮಾಡ್ಯಾಳ. ಮುಂಜಾನಿ ಬಂಡಿ ಹೂಡಿ ತವರಿಗೆ ಕಳಸ್ತೀನಿ."

ನನ್ನ ತವರು ರಾಜೂರು, ಗಜೇಂದ್ರಗಡದ ಹತ್ತಿರ. ದೂರವೇನಲ್ಲ. ಆದರೆ ಇಂಥ ಮಾತಿನ ಮೇಲೆ ತವರಿಗೆ ಹೋದ ಹೆಣ್ಣು ತಿರುಗಿ ಬಂದದ್ದನ್ನು ನಾನು ಕಂಡಿರಲಿಲ್ಲ. ಮನೆಗೆ ಬೆಂಕಿ ತಂದವಳು ಎಂದು ಹೆಸರು ಬಿದ್ದರೆ ನನಗೂ, ನನ್ನ ಹಿಂದಿನ ಇಬ್ಬರು ತಂಗಿಯರಿಗೂ ಗತಿ ಇರಲಿಲ್ಲ. ಗಂಡ ಬಂಡಿಯ ಗಾಲಿ ಕಟ್ಟುವ ಕೆಲಸಕ್ಕೆಂದು ನರಗುಂದಕ್ಕೆ ಹೋಗಿದ್ದ. ಅವನು ಬರುವ ಹೊತ್ತಿಗೆ ನಾನು ಮನೆಯಲ್ಲಿ ಇರುತ್ತಿರಲಿಲ್ಲ, ಅಷ್ಟೇ.

ನನ್ನ ಹೊಟ್ಟೆ ಉರಿದದ್ದು ಆ ಹೆಂಗಸು ಬೆರಳು ತೋರಿಸಿದ್ದಕ್ಕಲ್ಲ, ಮಾವನ ಅವಸರಕ್ಕೆ. ಯಾಕೆಂದರೆ ನನಗೆ ಒಂದು ಸಂಗತಿ ಗೊತ್ತಿತ್ತು, ಅದು ಮಾವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಹೊಸ ಬಾಗಿಲಿಗೆ ಅವರು ಕಾಸಿದ ಅಗಸೆ ಎಣ್ಣೆ ತಿಕ್ಕುತ್ತಿದ್ದರು. ತಿಕ್ಕಿದ ಅರಿವೆಗಳನ್ನು ಯಾವತ್ತೂ ಒಂದರ ಮೇಲೊಂದು ಬಿಡುತ್ತಿರಲಿಲ್ಲ, ಜಾಲಿಯ ಬೇಲಿಯ ಮೇಲೆ ಬೇರೆ ಬೇರೆ ಹರವುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಾನು ಶಾಣ್ಯಾತನ ತೋರಿಸಲು ಹೋಗಿ ಅವನ್ನೆಲ್ಲ ಬಳಿದು ಬುಟ್ಟಿಯಲ್ಲಿ ತುಂಬಿಟ್ಟಿದ್ದೆ. ಸಂಜೆ ಕೈ ಹಾಕಿದರೆ ಒಳಗೆ ಆಗತಾನೇ ಬೇಯಿಸಿದ ರೊಟ್ಟಿಯಷ್ಟು ಬಿಸಿ. ಅತ್ತೆ ಓಡಿ ಬಂದು ಬುಟ್ಟಿ ಬೋರಲು ಹಾಕಿ, ಮನೆ ಸುಡಬೇಕೆಂದಿದ್ದೀಯಾ ಎಂದು ಬೈದಳು. ಆ ಎಣ್ಣೆ ಗಾಳಿಯಾಡದೆ ಮುದ್ದೆಯಾಗಿ ಬಿದ್ದರೆ ತಾನೇ ಕಾಯುತ್ತದೆ ಎಂದು ನಾನು ಕಲಿತದ್ದು ಆ ಮನೆಯಲ್ಲೇ.

ಬೆಂಕಿ ಬಿದ್ದ ದಿನ ಬೆಳಿಗ್ಗೆ ಮಾವ ಎದುರು ಮನೆಯ ಬಾಗಿಲಿಗೆ ಎಣ್ಣೆ ತಿಕ್ಕಿದ್ದರು. ಹತ್ತಿ ಜಂತಿಯವರೆಗೆ ಇದ್ದ ಮನೆಯಲ್ಲಿ ಅರಿವೆಯನ್ನು ಯಾರು ಹುಡುಕುತ್ತಾರೆ? ರಾಶಿಯಿಂದಲೇ ಹಿಡಿ ಹಿಡಿ ಹತ್ತಿ ಕಿತ್ತುಕೊಂಡು ತಿಕ್ಕಿದ್ದರು, ಕಿತ್ತದ್ದನ್ನು ನಮ್ಮ ಬಾಗಿಲಿನಿಂದ ನಾನೇ ಕಂಡಿದ್ದೆ. ಆ ಹತ್ತಿ ಆಮೇಲೆ ನಮ್ಮ ಬೇಲಿಗೆ ಬರಲಿಲ್ಲ. ಅದು ಎಲ್ಲಿ ಹೋಯಿತೆಂದು ನನಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಬಂಡಿ ಹೂಡಿ ನನ್ನ ಟ್ರಂಕು ಇಟ್ಟಾಗಿತ್ತು. ಆಗ ರೋಣದಿಂದ ಪೊಲೀಸ್ ಫೌಜದಾರರು ಸೈಕಲ್ ಮೇಲೆ ಬಂದರು. ನಡುವಯಸ್ಸಿನ ಮನುಷ್ಯ, ಮಾತು ಕಡಿಮೆ. ಗದಗಿನ ಕಡೆಯ ಹತ್ತಿ ಕಾರ್ಖಾನೆಗಳ ಬೆಂಕಿ ಕಂಡವರಂತೆ. ಬಂಡಿ ನೋಡಿ ಇದೇನೆಂದು ಕೇಳಿದರು. ಯಾರೋ ಹೇಳಿದರು. ತಾನು ನೋಡಿ ಮುಗಿಸುವವರೆಗೆ ಯಾರೂ ಊರು ಬಿಡಕೂಡದು ಎಂದರು. ನನಗೆ ಉಸಿರು ಬಂದ ಹಾಗಾಯಿತು, ಆದರೆ ಎತ್ತುಗಳ ಕೊಳ್ಳ ಹರಿದು ನೊಗದಿಂದ ಬಿಡಿರಿ ಎಂದು ಯಾರೂ ಹೇಳಲಿಲ್ಲ. ಬಂಡಿ ಹೂಡಿಯೇ ನಿಂತಿತ್ತು.

ಅವರು ಯಾರನ್ನೂ ವಿಚಾರಿಸದೆ ಮೊದಲು ಎದುರು ಮನೆಯ ಪಡಸಾಲೆಯಲ್ಲಿ ಕುಕ್ಕರಗಾಲಲ್ಲಿ ಕುಳಿತರು. ಉಳಿದ ರಾಶಿಯನ್ನು ಕೋಲಿನಿಂದ ಬಿಡಿಸಿದರು. ನಾನು ಕೆಂಡ ಹಿಡಿದು ದಾಟಿದ ಮಗ್ಗುಲಲ್ಲಿ ಹತ್ತಿ ಮೇಲಷ್ಟೇ ಕಪ್ಪಾಗಿತ್ತು, ಕೆಳಗೆ ಬೆಳ್ಳಗೆ ಉಳಿದಿತ್ತು. ಆಚೆ ಮಗ್ಗುಲಿಗೆ, ರಾಶಿಗೂ ಒಳಕೋಣೆಯ ಬಾಗಿಲಿಗೂ ನಡುವೆ ಒಬ್ಬರು ಅಡ್ಡಾಗಿ ನುಸುಳುವಷ್ಟು ಸಂದಿ. ಅಲ್ಲಿ ನೆಲದವರೆಗೂ ಬೂದಿ. ಬಾಗಿಲ ಚೌಕಟ್ಟು ಬುಡದಲ್ಲಿ ತಿಂದು ಹೋಗಿತ್ತು, ಗೋಡೆಯ ಮಣ್ಣು ಇಟ್ಟಂಗಿಯ ಹಾಗೆ ಸುಟ್ಟಿತ್ತು.

"ಬೆಂಕಿ ಮ್ಯಾಲೇರತೈತಿ," ಎಂದರು ಫೌಜದಾರರು. "ಎಲ್ಲಾಕ್ಕಿಂತ ಕೆಳಗ ಎಲ್ಲಿ ತಿಂದೈತಿ, ಅಲ್ಲೇ ಹುಟ್ಟಿರತೈತಿ. ಕೆಂಡ ಹಿಡಕೊಂಡಾಕಿ ಈ ಸಂದ್ಯಾಗ ಯಾಕ ಬಂದಾಳು?"

ಅವರು ಹೊರಬಾಗಿಲ ಹಿಂದೆ ಸೆರಗು ಹೊದ್ದು ನಿಂತಿದ್ದ ನನ್ನ ಕಡೆ ತಿರುಗಿ, ನಿನಗೇನಾದರೂ ಗೊತ್ತಿದೆಯೇನವ್ವ ಎಂದು ಕೇಳಿದರು. ಆ ಕಾಲದಲ್ಲಿ ಸೊಸೆ ಮಾವನ ಎದುರು ಬಾಯಿ ಬಿಡುತ್ತಿರಲಿಲ್ಲ, ಪರ ಗಂಡಸರ ಎದುರು ಕೇಳುವುದೇ ಬೇಡ. ಹೇಳುವುದಿದ್ದರೆ ಅತ್ತೆಯ ಕಿವಿಯಲ್ಲಿ ಹೇಳಬೇಕು, ಅತ್ತೆ ಅದನ್ನು ಹೊರಗೆ ಹೇಳಬೇಕು. ಬಾಗಿಲಿಗೆ ತಿಕ್ಕಿದ ಹತ್ತಿ ಎಲ್ಲಿ ಹೋಯಿತು ಕೇಳಿರಿ ಎಂದು ನಾನು ಅತ್ತೆಯ ಕಿವಿಯಲ್ಲಿ ಹೇಳಿದೆ. ಅತ್ತೆ ಗಂಡನ ಮುಖವನ್ನೊಮ್ಮೆ ನೋಡಿದಳು.

"ಆಕಿಗೇನೂ ಗೊತ್ತಿಲ್ಲಂತ್ರಿ," ಎಂದಳು.

ನಾಲಿಗೆ ಕಚ್ಚಿಕೊಂಡು ಸುಮ್ಮನಿರುತ್ತೇನೆ ಎಂದುಕೊಂಡೆ, ಆಗಲಿಲ್ಲ. ಬಾಗಿಲ ಹಿಂದಿನಿಂದ ನಾನೇ ಮಾತಾಡಿದೆ. ನನ್ನ ದನಿ ನನಗೇ ಬೇರೆಯವರ ದನಿಯಂತೆ ಕೇಳಿಸಿತು. "ಬಾಗಲಕ್ಕ ಅಗಸಿ ಎಣ್ಣಿ ತಿಕ್ಕಿದ್ದ ಹತ್ತಿ ಎಲ್ಲೈತಿ ಕೇಳ್ರಿ. ಅದು ಮುದ್ದಿ ಆಗಿ ಬಿದ್ರ ತಾನ ಕಾಯತೈತಿ. ನಾ ಕೈಲೆ ಮುಟ್ಟಿ ನೋಡೀನಿ."

ಎದುರು ಮನೆಯ ಯಜಮಾನಿಯೇ ಮೊದಲು ಬಾಯಿ ತೆರೆದಳು, ಪಾಪ, ಅದರ ಅರ್ಥವೇನೆಂದು ತಿಳಿಯದೆ. ಎಣ್ಣೆ ಕುಡಿದ ಹತ್ತಿ ಬತ್ತಿ ಹೊಸೆಯಲು ಬರುತ್ತದೆ, ಚೆಲ್ಲಬೇಡಿರಿ ಎಂದು ತಾನೇ ಬಡಿಗೇರನಿಂದ ಇಸಿದುಕೊಂಡಳಂತೆ. ದೊಡ್ಡ ಉಂಡೆ ಮಾಡಿ ಆ ಸಂದಿಯಲ್ಲಿ, ರಾಶಿಯ ಬುಡಕ್ಕೆ ತುರುಕಿ ಇಟ್ಟಳಂತೆ. ಹೇಳುತ್ತ ಹೇಳುತ್ತ ಅವಳ ದನಿ ಇಳಿಯಿತು.

ಫೌಜದಾರರು ಮಾವನನ್ನು ಇದು ಖರೆಯೋ ಎಂದು ಕೇಳಿದರು. ಹುಟ್ಟಿದಾಗಿನಿಂದ ಬಾಗಿಲಿಗೆ ಈ ಎಣ್ಣೆ ತಿಕ್ಕುತ್ತಿದ್ದೇನೆ, ರೋಣದಿಂದ ಗಜೇಂದ್ರಗಡದವರೆಗೆ ನನ್ನ ಬಾಗಿಲುಗಳಿವೆ, ಒಂದೂ ಸುಟ್ಟಿಲ್ಲ ಎಂದರು ಮಾವ. ಮಾತು ಮಾತಿಗೆ ಸರಿಯಾಗಿಯೇ ಇತ್ತು. ಹತ್ತಿಯ ಸುದ್ದಿಯನ್ನು ಮಾತ್ರ ಅವರು ಎತ್ತಲಿಲ್ಲ.

ಎಣ್ಣೆ ತಾನೇ ಕಾಯುವುದನ್ನು ಕೇಳಿದ್ದೇನೆ, ಕಂಡಿಲ್ಲ, ಕಾಣದ್ದನ್ನು ಬರೆಯುವುದಿಲ್ಲ ಎಂದು ಫೌಜದಾರರು ಕಟ್ಟೆಯ ಮೇಲೆ ಕುಳಿತುಬಿಟ್ಟರು. ಅದೇ ಎಣ್ಣೆ ತಾ ಎಂದು ಮಾವನನ್ನು ಕಳಿಸಿದರು. ಮಾವ ತಂಬಿಗೆ ತುಂಬ ತಂದರು. ತಾವೇ ಹತ್ತಿ ಅದ್ದಿ ಉಂಡೆ ಕಟ್ಟಿ ಬುಟ್ಟಿಯಲ್ಲಿಟ್ಟು, ಸುತ್ತ ಒಣ ಹತ್ತಿ ತುಂಬಿ, ಬಿಸಿಲಿನ ಗೋಡೆಯ ಮಗ್ಗುಲಿಗೆ ಇಟ್ಟರು.

ಎಲ್ಲರೂ ಕಾದೆವು. ಕಾಯುವುದು ಎಷ್ಟು ಕೆಟ್ಟದ್ದೆಂದು ನನಗೆ ಆವತ್ತು ಗೊತ್ತಾಯಿತು. ಜನ ಬೇವಿನ ನೆರಳಿಗೆ ಸರಿದರು, ಎಲೆ ಅಡಿಕೆ ಹಾಕಿಕೊಂಡರು, ಹತ್ತಿ ಕಾಯುತ್ತದಂತೆ, ನಾಳೆ ಕಲ್ಲು ಈಯುತ್ತದೆ ಎಂದು ನಕ್ಕರು. ಎತ್ತುಗಳು ತಲೆ ಆಡಿಸಿದಾಗಲೆಲ್ಲ ಗಂಟೆ ಸದ್ದು ಮಾಡುತ್ತಿತ್ತು, ನಾನು ಬಂಡಿಯ ಕಡೆ ತಿರುಗಿ ನೋಡುತ್ತಿದ್ದೆ. ಹೊತ್ತು ನೆತ್ತಿಗೆ ಬಂತು. ಫೌಜದಾರರು ಎದ್ದು ಹೋಗಿ ಬುಟ್ಟಿಯೊಳಗೆ ಕೈ ಹಾಕಿದರು, ಹಾಕಿ ತೆಗೆದರು, ನನ್ನ ಕಡೆ ನೋಡಿದರು. ಅವರಿಗೆ ಬೇಸರವಾಗಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ಒಳಗೆ ತಣ್ಣಗಿದೆ ಎಂದರು.

ನಾನೇ ತಪ್ಪು ತಿಳಿದಿದ್ದೆನೇ? ಸೆರಗು ಬಿಗಿದುಕೊಂಡು ನೆಟ್ಟಗೆ ಅಂಗಳಕ್ಕೆ ಇಳಿದೆ, ಬುಟ್ಟಿಯಲ್ಲಿ ಕೈ ಹಾಕಿ ಉಂಡೆಯಿಂದ ಒಂದು ತುಣುಕು ಹರಿದುಕೊಂಡೆ. ಕೈ ಮೂಗಿನ ಹತ್ತಿರ ಬಂದದ್ದೇ ತಡ, ತಿಳಿಯಿತು. ಅದು ಔಡಲ ಎಣ್ಣೆ. ತಲೆಗೆ ಹಚ್ಚುವ, ಬಂಡಿಯ ಅಚ್ಚಿಗೆ ಹಾಕುವ ಹರಳೆಣ್ಣೆ. ಅದನ್ನು ವರ್ಷಗಟ್ಟಲೆ ಇಟ್ಟರೂ ಕಾಯುವುದಿಲ್ಲ.

ಅಲ್ಲೇ ನಿಂತು ಕೂಗಿ ಹೇಳಬಹುದಿತ್ತು. ಹೇಳಿದ್ದರೆ ಮಾವ ಊರ ಮುಂದೆ, ಸರ್ಕಾರದ ಮುಂದೆ ಸುಳ್ಳ ಎನ್ನಿಸಿಕೊಳ್ಳುತ್ತಿದ್ದರು. ನನಗೆ ಅವರ ಮೇಲೆ ಕನಿಕರವೇನೂ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ. ನರಗುಂದದಲ್ಲಿದ್ದವನ ನೆನಪಾಯಿತು; ಅವನಿಗೆ ಅವರು ಅಪ್ಪ. ತುಣುಕು ಹಿಡಿದು ಅತ್ತೆಯ ಹತ್ತಿರ ಹೋದೆ.

"ಅತ್ತಿ, ಮೂಸ್ರಿ," ಎಂದೆ.

ಅತ್ತೆ ಮೂಸಿದಳು. ಅವಳ ಮುಖ ಬೂದಿಯಾಯಿತು. ಗಂಡನ ಕಡೆ ನೋಡಿದಳು. ಮಾವ ನೆಲ ನೋಡುತ್ತಿದ್ದರು. ಅವಳು ನನ್ನ ಕೈ ಬಿಡುತ್ತಾಳೆಂದೇ ನಾನು ತಿಳಿದಿದ್ದೆ. ಅತ್ತೆ ಅಷ್ಟೂ ಗಂಡಸರ ನಡುವೆ ಹಾಯ್ದು ನಮ್ಮ ಮನೆಗೆ ಹೋದಳು, ಮಾವನ ಕೆಲಸದ ಛಪ್ಪರದಿಂದ ಎಣ್ಣೆಯ ಡಬ್ಬಿಯನ್ನೇ ಎತ್ತಿಕೊಂಡು ಬಂದು ಫೌಜದಾರರ ಮುಂದೆ ಇಟ್ಟಳು.

"ಬಾಗಲದ ಎಣ್ಣಿ ಇದರಿ. ಮೊದಲಿನ ತಂಬಿಗಿ ನಾನ ತಪ್ಪಿ ತುಂಬಿ ಕೊಟ್ಟಿದ್ದೆ."

ಮಾವ ತಂಬಿಗೆ ತುಂಬಿಕೊಂಡಾಗ ಅವಳು ನನ್ನ ಮಗ್ಗುಲಲ್ಲೇ ನಿಂತಿದ್ದಳು. ಫೌಜದಾರರಿಗೂ ಅದು ಕಂಡಿರಬೇಕು. ಈ ಸಲ ಉಂಡೆಯನ್ನು ಅವರೇ ಕಟ್ಟಿದರು.

ಹೊತ್ತು ವಾಲಿತು. ಈಗ ಯಾರೂ ನಗಲಿಲ್ಲ, ಯಾಕೋ ಯಾರೂ ಮನೆಗೂ ಹೋಗಲಿಲ್ಲ. ಮೊದಲು ವಾಸನೆ ಬಂತು, ಗಂಟಲು ಕೆರೆಯುವ ಘಾಟು ವಾಸನೆ. ಎದುರು ಮನೆಯ ಯಜಮಾನಿ, ನಿನ್ನೆ ಮಧ್ಯಾಹ್ನ ಮಲಗಿದ್ದಾಗ ಇದೇ ವಾಸನೆ ಬಂದಿತ್ತು, ಹೊಸ ಬಾಗಿಲಿನದು ಎಂದುಕೊಂಡಿದ್ದೆ ಎಂದಳು. ಫೌಜದಾರರು ಬುಟ್ಟಿಯಲ್ಲಿ ಕೈ ಹಾಕಿ ಲಗೂನೆ ಹಿಂದಕ್ಕೆಳೆದುಕೊಂಡರು. ಇನ್ನೂ ಸ್ವಲ್ಪ ಹೊತ್ತಿಗೆ ಹತ್ತಿಯೊಳಗಿನಿಂದ ಹೊಗೆ ಎದ್ದಿತು. ಅವರು ಕೋಲಿನಿಂದ ಉಂಡೆಯನ್ನು ಸೀಳಿದರು. ಒಳಗೆಲ್ಲ ಕಂದು ಬಣ್ಣ, ನಟ್ಟನಡುವೆ ಕರ್ರಗೆ. ಗಾಳಿ ತಾಕಿದ್ದೇ ಆ ಕಪ್ಪಿನ ಅಂಚು ಕೆಂಪಗೆ ಹತ್ತಿಕೊಂಡಿತು. ಯಾವ ಕೆಂಡವನ್ನೂ ಯಾರೂ ಅದರ ಹತ್ತಿರ ಒಯ್ದಿರಲಿಲ್ಲ.

ಆ ಯಜಮಾನಿ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಫೌಜದಾರರು ಮಾವನನ್ನು ಬೈಯಲಿಲ್ಲ. ಇದು ಯಾರೂ ಬೇಕೆಂದು ಮಾಡಿದ್ದಲ್ಲ, ಆದರೆ ಗೊತ್ತಿದ್ದವರು ಹೇಳಬೇಕಿತ್ತು ಎಂದಷ್ಟೇ ಹೇಳಿ ಬಂಡಿಯ ಕಡೆ ತಿರುಗಿದರು.

"ಕೊಳ್ಳ ಹರೀರಿ. ಎತ್ತಿಗೆ ನೀರ ಕುಡಸ್ರಿ."

ನನ್ನ ಟ್ರಂಕನ್ನು ನಾನೇ ಇಳಿಸಿಕೊಂಡೆ. ಒಳಗೆ ಬಂದಾಗ ಮಾವ ನಮ್ಮ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದರು. ನನ್ನನ್ನು ನೋಡಲಿಲ್ಲ. ಅತ್ತೆಗೆ ಹೇಳುವ ಹಾಗೆ ಹೇಳಿದರು, ನನಗೆ ಕೇಳಲೆಂದೇ ಹೇಳಿದರು.

"ಇನ್ನ ನನ್ನ ಯಾರ ಬಾಗಲ ಮಾಡಾಕ ಕರೀತಾರ? ಆಕಿ ಹೋಗಿದ್ರ ಮನಿ ಉಳೀತಿತ್ತು."

ನಾನು ಟ್ರಂಕು ಕೆಳಗಿಟ್ಟೆ. ಆವತ್ತಿನವರೆಗೆ ಅವರ ಎದುರು ನಿಂತು ಒಂದು ಮಾತನ್ನೂ ಆಡಿದವಳಲ್ಲ ನಾನು. ಎದುರಿಗೇ ಹೋಗಿ ನಿಂತು ಕೇಳಿದೆ.

"ಮಾವಾರ, ಆ ಮನ್ಯಾಗ ನಾ ಇಲ್ಲೇನ್ರಿ?"

ಅವರ ಕೆಲಸವೇನೂ ನಿಂತೇ ಹೋಗಲಿಲ್ಲ. ಒಂದು ಸುಗ್ಗಿ ಯಾರೂ ಕರೆಯಲಿಲ್ಲ, ಆಮೇಲೆ ಎಲ್ಲರೂ ಕರೆದರು. ಮಾವ ಬಹಳ ವರ್ಷ ಬದುಕಿದರು. ನನ್ನ ಕೈಯ ರೊಟ್ಟಿ ಉಂಡರು, ನನ್ನ ಮಕ್ಕಳನ್ನು ಹೆಗಲ ಮೇಲೆ ಹೊತ್ತು ತಿರುಗಿದರು, ಕಡೆಗಾಲದಲ್ಲಿ ನಾನೇ ಬಾಯಿಗೆ ನೀರು ಬಿಟ್ಟೆ. ಆ ಮಾತಿಗೆ ಉತ್ತರ ಮಾತ್ರ ಕೊಡಲಿಲ್ಲ.