ಕ್ಷೇಮ ಕೇಳಲು ಠಾಣೆಯ ನಂಬರು

ಕ್ಯೋಟೋದಲ್ಲಿ ನನ್ನ ಪಕ್ಕದ ಮನೆ ಮೈಸೂರಿನ ಅಕ್ಕನದು. ಅವರ ಗಂಡ ಕೆನಡಾದ ಮೂಲನಿವಾಸಿ ಬುಡಕಟ್ಟಿನವರು. ಗಂಡನ ತಮ್ಮ ಅಲ್ಲಿನ ಹುಟ್ಟೂರಿನಲ್ಲಿ ಒಂಟಿ, ಖಿನ್ನತೆ ಬೇರೆ; ಎರಡು ದಿನದಿಂದ ಫೋನ್ ಎತ್ತಿರಲಿಲ್ಲ. ನಮ್ಮ ಬೀದಿಯ ಪೊಲೀಸರು ಸೈಕಲ್ಲಿನಲ್ಲಿ ಬಂದು ಒಂಟಿ ಮುದುಕರ ಕ್ಷೇಮ ವಿಚಾರಿಸುವುದನ್ನು ಕಂಡಿದ್ದ ನಾನು ಹುಮ್ಮಸ್ಸಿನಿಂದ ಆ ಊರಿನ ಠಾಣೆಯ ನಂಬರ್ ಹುಡುಕಿದೆ.

"ಅಕ್ಕ, ಪೊಲೀಸ್‌ಗೆ ಹೇಳಿದ್ರೆ ಹೋಗಿ ನೋಡ್ಕೊಂಡ್ ಬರ್ತಾರೆ."

"ಇಡೋ ಫೋನು! ಇವರ ಅಣ್ಣನ್ನೂ ಹಂಗೇ ನೋಡಕ್ಕೆ ಬಂದಿದ್ರು. ಕೈಯಲ್ಲಿ ಚಮಚ ಇತ್ತು. ಚಾಕು ಅಂದ್ಕೊಂಡ್ವಿ ಅಂತ ಗುಂಡು ಹೊಡೆದ್ರು."

ಅಕ್ಕನ ಗಂಡ ಆ ಊರಿನಲ್ಲೇ ಇದ್ದ ಚಿಕ್ಕಮ್ಮನಿಗೆ ಫೋನ್ ಮಾಡಿದರು. ಆಕೆ ಹೋಗಿ ಬಾಗಿಲು ತಟ್ಟಿದಾಗ ತಮ್ಮ ಅಳುತ್ತಲೇ ತೆರೆದನಂತೆ. ಬದುಕಿದ್ದ.

ಠಾಣೆಯ ನಂಬರು ನನ್ನ ಫೋನಿನಲ್ಲಿ ಇನ್ನೂ ಹಾಗೇ ಇತ್ತು. ಅದನ್ನು ಅಳಿಸಿದೆ; ನನ್ನ ಹುಮ್ಮಸ್ಸಿನ ಬಗ್ಗೆಯೂ ಅಸಹ್ಯವಾಯಿತು.